ಅಗಲ ಪರದೆ: ಹಗಲು ಸುಖ, ರಾತ್ರಿ ಮಸಿ

34 ಇಂಚಿನ ಈ ಬಾಗಿದ ಅಲ್ಟ್ರಾವೈಡ್ ಮಾನಿಟರ್ ನನ್ನ ಮೇಜಿಗೆ ಬಂದು ಎರಡು ವರ್ಷದ ಮೇಲಾಯಿತು. ಕಂಪನಿಯ ಹೆಸರು ಬೇಡ. ಇದೇ ಬೆಲೆಗೆ ಸಿಗುವ ವಿಎ ಪ್ಯಾನೆಲ್‌ಗಳ (ಗಾಢ ಕಪ್ಪಿಗೆ ಹೆಸರಾದ ಒಂದು ಬಗೆಯ ಎಲ್‌ಸಿಡಿ ಪರದೆ) ಗುಣದೋಷ ಹೆಚ್ಚುಕಡಿಮೆ ಒಂದೇ. ಹಗಲೆಲ್ಲ ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ, ರಾತ್ರಿ ಊಟವಾದ ಮೇಲೆ ಒಂದಿಷ್ಟು ಹೊತ್ತು ಆಟ. ಎರಡಕ್ಕೂ ಒಂದೇ ಪರದೆ ಬೇಕಿತ್ತು, ಅದೂ 30,000 ರೂಪಾಯಿಯ ಆಸುಪಾಸಿನಲ್ಲಿ.

ಮೊದಲು ಕಣ್ಣು ಹೋದದ್ದು 29 ಇಂಚಿನದರ ಮೇಲೆ, ಅಗ್ಗವೆಂಬ ಕಾರಣಕ್ಕೆ. ಆದರೆ 2560×1080 ಪಿಕ್ಸೆಲ್‌ನ ಆ ಪರದೆಯ ಎತ್ತರ ಮಾಮೂಲಿ 23 ಇಂಚಿನ ಮಾನಿಟರ್‌ನಷ್ಟೇ. ಅದರಲ್ಲಿ ಪುಟವನ್ನು ಇಡಿಯಾಗಿ ತೆರೆದರೆ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬಂದ ಕಡೆಯೆಲ್ಲ ಬರೀ ಕಪ್ಪು ಚುಕ್ಕೆ. ಇಂಗ್ಲಿಷ್ ಓದುವವರಿಗೆ ಸಾಲುವ ಪರದೆ ನಮಗೆ ಸಾಲುವುದಿಲ್ಲ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿ ಪರದೆಯ ಬೆಲೆ ಕೇಳಿಯೇ ಸುಮ್ಮನಾದೆ. ಕೈಗೆಟುಕಿದ್ದರೂ ದಿನವಿಡೀ ಅಲುಗಾಡದೆ ನಿಲ್ಲುವ ಮೆನು ಪಟ್ಟಿಗಳ ಅಚ್ಚು ಅದರ ಮೇಲೆ ಕಾಯಮ್ಮಾಗಿ ಉಳಿದೀತೆಂಬ ಭಯ ಇದ್ದೇ ಇತ್ತು. 3440×1440ರ ಈ ಪರದೆಯಲ್ಲಿ ಇಂಚಿಗೆ ಸುಮಾರು 110 ಪಿಕ್ಸೆಲ್, ಎತ್ತರ 27 ಇಂಚಿನ ಮಾಮೂಲಿ ಮಾನಿಟರ್‌ನಷ್ಟು. ಅರ್ಕಾವತ್ತು, ದೀರ್ಘ, ಒತ್ತು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ.

ಬೆಳಗಿನ ಕೆಲಸ ಶುರುವಾಗುವುದು ಪರದೆಯನ್ನು ಹಂಚುವುದರಿಂದ. ಎಡಕ್ಕೆ ಹಳೆಯ ಮುದ್ರಣದ ಸ್ಕ್ಯಾನ್ ಪ್ರತಿ, ನಡುವೆ ನಾನು ತಿದ್ದುವ ಪಠ್ಯ, ಬಲಕ್ಕೆ ನಿಘಂಟು. ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ಯಾನ್ಸಿಜೋನ್ಸ್ ಎಂಬ ಸೌಲಭ್ಯವಿದೆ. ಶಿಫ್ಟ್ ಕೀಲಿ ಒತ್ತಿ ಕಿಟಕಿಯನ್ನು ಎಳೆದು ಬಿಟ್ಟರೆ ನಾನೇ ಗೊತ್ತು ಮಾಡಿದ ಜಾಗದಲ್ಲಿ ಹೋಗಿ ಕೂರುತ್ತದೆ. ನಡುವಿನ ಮನೆಯನ್ನು ಸ್ವಲ್ಪ ಅಗಲವಾಗಿಟ್ಟಿದ್ದೇನೆ, ನಿಘಂಟಿಗೆ ಕಿರಿದಾದರೂ ನಡೆಯುತ್ತದೆ. ಮೂರೂ ನೆಲೆಗೊಂಡ ಮೇಲೆ ಕಾಫಿ ಲೋಟವನ್ನು ಪರದೆಯ ಕಾಲಿನ ಪಕ್ಕ ಇಟ್ಟು, ಸ್ಕ್ಯಾನ್ ಪ್ರತಿಯ ಮೊದಲ ಸಾಲಿಗೂ ನನ್ನ ಮೊದಲ ಸಾಲಿಗೂ ಎತ್ತರ ಸರಿಹೊಂದಿಸುತ್ತೇನೆ. ಆಮೇಲೆ ತಲೆ ತಿರುಗಿಸುವ ಕೆಲಸವಿಲ್ಲ, ಕಣ್ಣು ಆಡಿದರೆ ಸಾಕು. ಎರಡು ಮಾನಿಟರ್ ಜೋಡಿಸಿಕೊಂಡಿದ್ದಾಗ ನಟ್ಟನಡುವೆ ನಿಲ್ಲುತ್ತಿದ್ದ ಪ್ಲಾಸ್ಟಿಕ್ ಗೆರೆಗೆ ಈಗ ವಿದಾಯ. ಈ ಸುಖವೊಂದಕ್ಕೇ ಕೊಟ್ಟ ಹಣ ಸಾರ್ಥಕವೆಂದು ಮೊದಲ ತಿಂಗಳಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ.

ಆನ್‌ಲೈನ್ ಸಭೆಯಲ್ಲಿ ಮಾತ್ರ ಇಡೀ ಪರದೆಯನ್ನು ತೋರಿಸಬೇಡಿ. ಲ್ಯಾಪ್‌ಟಾಪಿನ ಮುಂದೆ ಕುಳಿತವರಿಗೆ ಅದು ಓದಲಾಗದ ಪಟ್ಟಿಯಂತೆ ಕಾಣುತ್ತದೆ. ಒಂದು ಕಿಟಕಿಯನ್ನಷ್ಟೇ ತೋರಿಸಿ.

ಇನ್ನು ರಾತ್ರಿಯ ಕಥೆ. ಕತ್ತಲ ಗುಹೆಯಲ್ಲೋ ಕಾಡಿನಲ್ಲೋ ನಡೆಯುವ ಆಟವಾದರೆ, ಕ್ಯಾಮೆರಾ ತಿರುಗಿದಾಗಲೆಲ್ಲ ಕಪ್ಪು ಬಣ್ಣ ಜಾಗ ಬಿಡಲು ಒಪ್ಪುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದ ಹಾಗೆ ಬಂಡೆಯ ಅಂಚು, ಮರದ ಕಾಂಡ, ಎದುರಾಳಿಯ ಕಾಲು ಎಲ್ಲವೂ ಬಾಲ ಎಳೆಯುತ್ತವೆ. ವಿಎ ಪ್ಯಾನೆಲ್‌ನ ಹುಟ್ಟುಗುಣವಿದು: ಕಪ್ಪಿನಿಂದ ಬೂದಿಗೆ ಬದಲಾಗಲು ಅದರ ಪಿಕ್ಸೆಲ್‌ಗಳು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಪಿಕ್ಸೆಲ್ ಬಣ್ಣ ಬದಲಿಸುವ ವೇಗವೆಂದು ಪೆಟ್ಟಿಗೆಯ ಮೇಲೆ ಅಚ್ಚಾದ ‘1 ಮಿಲಿಸೆಕೆಂಡ್’ಗೂ ಈ ದೃಶ್ಯಕ್ಕೂ ಸಂಬಂಧವಿಲ್ಲ. ಅಂಗಡಿಯ ಝಗಮಗ ಬೆಳಕಿನಲ್ಲಿ, ಬಣ್ಣಬಣ್ಣದ ಹೂವು ಮೀನು ಓಡಾಡುವ ಪ್ರದರ್ಶನದ ವಿಡಿಯೋದಲ್ಲಿ ಇದು ಗೊತ್ತಾಗುವುದೇ ಇಲ್ಲ. ಪಿಕ್ಸೆಲ್‌ಗಳನ್ನು ಬೇಗ ಬದಲಾಗುವಂತೆ ದೂಡುವ ಓವರ್‌ಡ್ರೈವ್ ಸೆಟ್ಟಿಂಗನ್ನು ಏರಿಸಿದರೆ ಬಾಲ ಕುಗ್ಗುತ್ತದೆ, ಬದಲಿಗೆ ಅಂಚಿನಲ್ಲಿ ಬಿಳಿ ನೆರಳು ಏಳುತ್ತದೆ. ಕಡೆಗೆ ನಡುವಿನ ಹಂತಕ್ಕೆ ಇಟ್ಟು, ಆಟದೊಳಗಿನ ಕತ್ತಲನ್ನೇ ಒಂದಿಷ್ಟು ತೆಳುಗೊಳಿಸಿದ್ದೇನೆ. ಗಾಢ ಕಪ್ಪಿಗಾಗಿ ವಿಎ ಕೊಂಡು ಆ ಕಪ್ಪನ್ನೇ ಬೂದು ಮಾಡಿಕೊಂಡು ಆಡುವ ಅವಸ್ಥೆ! ಹಗಲಿನ ಕೆಲಸಕ್ಕೂ ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಬಿಟ್ಟಿದ್ದೇನೆ, ಪುಟ ಸರಿಸಿದರೆ ಅಲ್ಲೂ ಅಕ್ಷರಗಳ ಹಿಂದೆ ಮಸಿ.

ಹಾಗೆಂದು ಎಲ್ಲ ಆಟಕ್ಕೂ ಈ ಪರದೆ ಸಲ್ಲದೆಂದಲ್ಲ. ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಲಾರಿ ಓಡಿಸುವ ಆಟದಲ್ಲಿ ಹಗಲು ಹೊತ್ತಿನ ಹೆದ್ದಾರಿ ಹಿಡಿದರೆ ನನ್ನ ದೂರುಗಳೆಲ್ಲ ಅರ್ಧಕ್ಕೆ ಇಳಿಯುತ್ತವೆ. ಎರಡೂ ಬದಿಯ ಕಿಟಕಿಗಳ ಆಚೆ ಹೊಲ ಸರಿಯುತ್ತಿರುತ್ತದೆ, ಕನ್ನಡಿ ನೋಡಲು ಕ್ಯಾಮೆರಾ ತಿರುಗಿಸಬೇಕಿಲ್ಲ. ವ್ಯಾಲರಂಟ್ ಎಂಬ ಗುಂಡಿನ ಕಾಳಗದ ಆಟ ಆಡುವವರಿಗೆ ಈ ಅಗಲದಿಂದ ಲಾಭವಿಲ್ಲ. ಆಟ ಮಾಮೂಲಿ ಮಾನಿಟರ್‌ನ 16:9 ಅನುಪಾತದಲ್ಲೇ ನಡೆಯುತ್ತದೆ, ಬದಿಗಳು ಖಾಲಿ. ಗ್ರಾಫಿಕ್ಸ್ ಕಾರ್ಡ್‌ನ ಲೆಕ್ಕವನ್ನೂ ಹಾಕಿಕೊಳ್ಳಿ: ಇಲ್ಲಿರುವುದು ಸುಮಾರು 49.5 ಲಕ್ಷ ಪಿಕ್ಸೆಲ್, ಅಂದರೆ ಫುಲ್ ಎಚ್‌ಡಿಯ ಎರಡೂವರೆ ಪಟ್ಟಿಗೆ ಸ್ವಲ್ಪವೇ ಕಡಿಮೆ. ನನ್ನ ಹಳೆಯ ಕಾರ್ಡ್ ಏದುಸಿರು ಬಿಡುತ್ತದೆ, ಅದನ್ನು ಬದಲಿಸುವಷ್ಟು ಕರಡು ಇನ್ನೂ ಬಂದಿಲ್ಲ.

ಬರವಣಿಗೆ, ಲೆಕ್ಕಪತ್ರ, ಪುಟವಿನ್ಯಾಸವೇ ಮುಖ್ಯವಾಗಿದ್ದು ಆಟ ಒಗ್ಗರಣೆಯಷ್ಟಿದ್ದರೆ ಇದನ್ನು ಕೊಳ್ಳಿ. ಕತ್ತಲ ಆಟಗಳೇ ನಿಮಗೆ ಇಷ್ಟವಾದರೆ ಇನ್ನಷ್ಟು ಹಣ ಕೂಡಿಸಿ ಐಪಿಎಸ್ ಎಂಬ ಇನ್ನೊಂದು ಬಗೆಯ ಎಲ್‌ಸಿಡಿ ಪ್ಯಾನೆಲ್‌ಗೆ ಹೋಗಿ. ಅದರ ಕಪ್ಪು ತುಸು ಪೇಲವ, ಆದರೆ ಬಾಲ ಇಷ್ಟು ಉದ್ದ ಬೆಳೆಯುವುದಿಲ್ಲ. ಯಾವುದನ್ನೇ ತಂದರೂ ಹಣ ಕಟ್ಟುವ ಮೊದಲು ಮೇಜನ್ನು ಅಳೆಯಿರಿ. ಪರದೆಯೇ ಸುಮಾರು 80 ಸೆಂಟಿಮೀಟರ್ ಅಗಲ, ಜೊತೆಗೆ ಅದರ ಕಾಲು ಮುಂದಕ್ಕೆ ಚಾಚಿಕೊಂಡಿರುತ್ತದೆ. ನನ್ನ ಕೀಲಿಮಣೆ ಈಗ ಮೇಜಿನ ತುದಿಯಲ್ಲಿದೆ, ಪರದೆಯನ್ನು ಗೋಡೆಗೆ ತಾಗಿಸಿ ಕೂರಿಸುವ ತೋಳಿನ ಬೆಲೆ ವಿಚಾರಿಸುತ್ತಿದ್ದೇನೆ.