ತಾತನ ಹಾರ್ಮೋನಿಯಂ ಪುಸ್ತಕ ಮತ್ತು ಬಿ.ಎಚ್. ರಸ್ತೆ ಹಿಂದಿನ ಬೈಂಡಿಂಗ್ ಅಂಗಡಿ

ನಮ್ಮ ತಾತ ಗುಬ್ಬಿ ಕಡೆ ಊರೂರು ತಿರುಗಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಅವರ ರಂಗಗೀತೆ ಪುಸ್ತಕದಲ್ಲಿ ಸಾಹಿತ್ಯ ಕಪ್ಪು ಶಾಯಿ, ಸ್ವರ ಕೆಂಪು ಶಾಯಿ. ಮೊದಲು ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟು ಕೆಟ್ಟೆ. ಕೇಳದೆ ನಾಲ್ಕು ಹಾಳೆಗೆ ಲ್ಯಾಮಿನೇಷನ್ ಹೊಡೆದುಬಿಟ್ಟರು. ಈಗ ಬಿಡಿಸಲು ಹೋದರೆ ಅಕ್ಷರವೂ ಕಿತ್ತು ಬರುತ್ತದೆ.

ತುಮಕೂರಿನ ಈ ಬೈಂಡಿಂಗ್ ಅಂಗಡಿಯ ಯಜಮಾನರು ಪುಸ್ತಕ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಂಡರು. ಅಲ್ಲೇ ನಂಬಿಕೆ ಬಂತು. ಹೊಲಿಗೆ ಬಿಚ್ಚಿ, ಹಳೇ ಟೇಪು ತೆಗೆದು, ಹರಿದ ಕಡೆ ತೆಳು ಕಾಗದ ಅಂಟಿಸಿದರು. ಮೈದಾ ಅಂಟು. ಹುಳ ಬರದಿರಲಿ ಅಂತ ಮೈಲುತುತ್ತ ಹಾಕಲು ಹೊರಟರು, ನಾನು ಬೇಡವೇ ಬೇಡ ಅಂದೆ.

ಮಗಳು ವಯಲಿನ್‌ನಲ್ಲಿ ಇಟಲಿಯ ಹಳೇ ಸಂಗೀತಗಾರ ವಿವಾಲ್ಡಿಯ ಕೃತಿ ನುಡಿಸುತ್ತಾಳೆ. ಅವಳಿಂದಾಗಿ ಇಟಲಿಯ ಹಳೇ ಸಂಗೀತದ ಹಾಳೆಗಳ ಬಗ್ಗೆ ಓದಿದ್ದೆ. ಆ ಕಾಲದ ಶಾಯಿ ಅಂದರೆ ಮಾಚಿಕಾಯಿ ಮತ್ತು ಅನ್ನಭೇದಿ. ಹೌದು, ಬಾಣಂತಿ ಮದ್ದಿನ ಮಾಚಿಕಾಯಿಯೇ! ಶಾಯಿ ದಪ್ಪಗೆ ಬಿದ್ದ ಕಡೆ ಅದರಲ್ಲಿನ ಕಬ್ಬಿಣ ನಿಧಾನಕ್ಕೆ ಕಾಗದವನ್ನೇ ತಿನ್ನುತ್ತದೆ. ಅವರು ಸ್ವರ ಬರೆಯಲು ಹಾಕುವ ಗುಂಡು ಚುಕ್ಕೆ ಇದ್ದಲ್ಲಿ ತೂತು ಉಳಿಯುತ್ತದೆ. ತಾಮ್ರವೂ ಅದೇ ಕೆಲಸ ಮಾಡುತ್ತದೆ, ಮೈಲುತುತ್ತದಲ್ಲಿರುವುದು ತಾಮ್ರ ಅಲ್ವಾ. ಇದನ್ನು ಹೇಳಿದಾಗ ಯಜಮಾನರು ಒಂದು ನಿಮಿಷ ಸುಮ್ಮನಿದ್ದು, "ನಲವತ್ತು ವರ್ಷದಿಂದ ಹಾಕ್ತಿದೀನಲ್ಲ ಮೇಡಂ" ಅಂದರು. ಆದರೂ ನಮ್ಮದಕ್ಕೆ ಹಾಕಲಿಲ್ಲ.

ಸ್ಕ್ಯಾನಿಂಗ್ ಕೂಡ ಅಲ್ಲೇ, 600 ಡಿಪಿಐನಲ್ಲಿ. ಕೆಂಪು ಸ್ವರ ಕೆಂಪಾಗಿಯೇ ಬಂದಿದೆ. 92 ಪುಟಕ್ಕೆ ಎಲ್ಲಾ ಸೇರಿ 1,850 ರೂಪಾಯಿ. ಜಾಸ್ತಿ ಅನಿಸಲಿಲ್ಲ. ಆದರೆ ಎಂಟು ದಿನ ಅಂದವರು ಮೂರು ವಾರ ಮಾಡಿದರು, ಫೋನ್ ಎತ್ತುವುದಿಲ್ಲ. ಹೋಗಿ ಎದುರಿಗೆ ನಿಲ್ಲಬೇಕು.

ವಿವಾಲ್ಡಿಯ ಕೈಬರಹದ ಕಥೆಯೂ ನಮ್ಮನೆ ಕಥೆಯಂತೆಯೇ. 1926ರಲ್ಲಿ ಒಂದು ಪಾದ್ರಿಗಳ ಶಾಲೆ ಕಟ್ಟಡ ರಿಪೇರಿಯ ದುಡ್ಡಿಗೆ ಹಳೇ ಪುಸ್ತಕ ಮಾರಲು ಹೊರಟಾಗ ಅವು ಬೆಳಕಿಗೆ ಬಂದವು. ನೋಡಿದರೆ ಅದು ಅರ್ಧವೇ. ಇನ್ನರ್ಧ ಜಿನೋವಾದ ಒಂದು ಮನೆತನದಲ್ಲಿತ್ತು, ಅವರು ಬಿಟ್ಟುಕೊಡಲು ಸತಾಯಿಸಿದರು. ಮಕ್ಕಳನ್ನು ಕಳೆದುಕೊಂಡಿದ್ದ ಇಬ್ಬರು ತಂದೆಯರು ಆ ಮಕ್ಕಳ ಹೆಸರಲ್ಲಿ ಒಂದೊಂದು ಭಾಗ ಕೊಂಡು ಇಟಲಿಯ ಟ್ಯೂರಿನ್ ನಗರದ ಲೈಬ್ರರಿಗೆ ಕೊಟ್ಟರು. ಎರಡನೆಯದು ಸೇರಿದ್ದು 1930ರಲ್ಲಿ.

ತಾತನ ಇನ್ನೊಂದು ಪುಸ್ತಕ ಶಿರಾದಲ್ಲಿ ಅತ್ತೆಯ ಟ್ರಂಕಿನಲ್ಲಿದೆ. ಕಳೆದ ಭಾನುವಾರ ಇದನ್ನು ಒಯ್ದು ತೋರಿಸಿದೆ. ಹೊಲಿಗೆ ಮೇಲೆ ಬೆರಳಾಡಿಸಿ, "ಟೇಪೆಲ್ಲಿ ಹೋಯ್ತೇ?" ಅಂದರು. ಟ್ರಂಕಿನ ಬೀಗ ಮಾತ್ರ ಇನ್ನೂ ತೆಗೆದಿಲ್ಲ.