ಬಾಸ್ವರ್ತ್ ಯುದ್ಧಭೂಮಿ: ಹೋಗೋ ಮುಂಚೆ ಸ್ಟಾನ್ಲಿ ಬೀಗರ ಲಿಸ್ಟ್ ಓದ್ಕೊಳ್ಳಿ

ಲೆಸ್ಟರ್‌ಶೈರ್‌ನ ಬಾಸ್ವರ್ತ್ ಬ್ಯಾಟಲ್‌ಫೀಲ್ಡ್ ಹೆರಿಟೇಜ್ ಸೆಂಟರ್‌ಗೆ ಹೋಗ್ಬಂದ್ವಿ, ನನ್ ಕಡೆಯಿಂದ ನಾಲ್ಕು ಸ್ಟಾರ್, ಐದನೇದನ್ನ ಮಳೆ ತಿಂದ್ಕೊಳ್ತು. ಇಂಗ್ಲೆಂಡ್ ಸಿಂಹಾಸನಕ್ಕೆ ಯಾರ್ಕ್, ಲಂಕಾಸ್ಟರ್ ಮನೆತನಗಳು ಕಿತ್ತಾಡ್ತಿದ್ದ ಕಾಲ, ಯಾರ್ಕ್ ರಾಜ ಮೂರನೇ ರಿಚರ್ಡ್‌ನ 1485ರಲ್ಲಿ ಸೋಲಿಸಿ ಲಂಕಾಸ್ಟರ್ ಕಡೆಯ ಹೆನ್ರಿ ಟ್ಯೂಡರ್ ರಾಜ ಆಗಿದ್ದು ಬಾಸ್ವರ್ತ್ ಯುದ್ಧದಲ್ಲಿ. ಎರಡೂ ಕಡೆ ನೆಂಟಸ್ತನ ಇಟ್ಕೊಂಡಿದ್ದ ದೊಡ್ಡ ಸಾಮಂತ ಥಾಮಸ್ ಸ್ಟಾನ್ಲಿ ಯಾರು ಅಂತ ಗೊತ್ತಿಲ್ದೆ ಹೋದ್ರೆ, ಸೆಂಟರ್ ಇರೋ ಆಂಬಿಯನ್ ಗುಡ್ಡದ ಮೇಲೆ ಬರೀ ಹುಲ್ಲು, ಗಾಳಿ ಅಷ್ಟೆ.

ಈ ಪುಣ್ಯಾತ್ಮನ ನೆಂಟಸ್ತನ ನೋಡಿ. ಮೊದಲ ಹೆಂಡ್ತಿ ವಾರ್ವಿಕ್ ಅರ್ಲ್‌ನ (ಅರ್ಲ್ ಅಂದ್ರೆ ಅಲ್ಲಿನ ದೊಡ್ಡ ಸಾಮಂತ ಪದವಿ) ತಂಗಿ, ಮಗ ಜಾರ್ಜ್‌ಗೆ ತಂದ ಸೊಸೆ ಯಾರ್ಕ್ ರಾಜ ನಾಲ್ಕನೇ ಎಡ್ವರ್ಡ್‌ನ ರಾಣಿಯ ತಂಗಿ ಮಗಳು, ಎರಡನೇ ಹೆಂಡ್ತಿ ಮಾರ್ಗರೆಟ್ ಬೋಫರ್ಟ್ ಅಂದ್ರೆ ಹೆನ್ರಿ ಟ್ಯೂಡರ್ ಹೆತ್ತ ತಾಯಿ. ಯಾರು ಗೆದ್ರೂ ಬೀಗರ ಮನೆ ಊಟ ಗ್ಯಾರಂಟಿ! 1459ರ ಬ್ಲೋರ್ ಹೀತ್ ಯುದ್ಧಕ್ಕೆ ಆಗಿನ ಲಂಕಾಸ್ಟರ್ ರಾಣಿ ಕರೆದಾಗ ಬಂದೆ ಬಂದೆ ಅಂತ್ಹೇಳಿ ಸುಮಾರು 2,000 ಜನಾನ ಹತ್ರದಲ್ಲೇ ಇಟ್ಕೊಂಡು ಸುಮ್ನೆ ಕೂತ, ತಮ್ಮ ವಿಲಿಯಂ ಆ ಕಡೆ ಯಾರ್ಕ್‌ನೋರ ಜೊತೆ. 1483ರಲ್ಲಿ ಮೂರನೇ ರಿಚರ್ಡ್ ಪಟ್ಟಾಭಿಷೇಕದಲ್ಲಿ ರಾಣಿಯ ಸೆರಗು ಹಿಡ್ದಿದ್ದು ಇವನ ಹೆಂಡ್ತಿ, ಕೆಲವೇ ತಿಂಗಳಲ್ಲಿ ಅದೇ ರಾಜನ ವಿರುದ್ಧ ಪಿತೂರಿ ಮಾಡಿ ಸಿಕ್ಕಿಬಿದ್ಲು, ರಿಚರ್ಡ್ ಅವಳ ಆಸ್ತಿ ಕಿತ್ಕೊಂಡು ಕೊಟ್ಟಿದ್ದು ಯಾರಿಗೆ, ಗಂಡನಿಗೇ!

1485ರಲ್ಲಿ ರಿಚರ್ಡ್ ಬಾ ಅಂದ್ರೆ ಬೆವರು ಜ್ವರ ಅಂದ (ನಮ್ ಆಫೀಸಿನ ಸಿಕ್ ಲೀವ್ ನೆನಪಾಯ್ತು). ಮಗ ಜಾರ್ಜ್ ರಿಚರ್ಡ್ ಕೈಲಿ ಒತ್ತೆಯಾಳು, ಅವನ ತಲೆ ತೆಗೀತೀನಿ ಅಂದ್ರೆ 'ನಂಗೆ ಬೇರೆ ಮಕ್ಕಳೂ ಇದಾರೆ' ಅಂದ್ನಂತೆ. ಆಗಸ್ಟ್ 22ಕ್ಕೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅಣ್ಣತಮ್ಮಂದಿರಿಬ್ರೂ ಪಕ್ಕದಲ್ಲಿ ನಿಂತು ನೋಡಿದ್ರು, ರಿಚರ್ಡ್ ನೇರ ಹೆನ್ರಿ ಮೇಲೇ ನುಗ್ಗಿದಾಗ ವಿಲಿಯಂ ಕಡೆಯೋರು ರಿಚರ್ಡ್ ಮೇಲೆ ಬಂದು ಬಿದ್ರು, ಅವನ ಕತೆ ಮುಗೀತು. ಕಿರೀಟ ಎತ್ತಿ ಹೆನ್ರಿ ತಲೆಗಿಟ್ಟಿದ್ದು ಮಾತ್ರ ಥಾಮಸ್ಸೇ ಅಂತಾರೆ, ಡರ್ಬಿ ಅರ್ಲ್ ಪಟ್ಟಾನೂ ಹೊಡ್ಕೊಂಡ. ನಿಜವಾಗ್ಲೂ ಬಡಿದಾಡಿದ ವಿಲಿಯಂ ತಲೇನ 1495ರಲ್ಲಿ ಅದೇ ಹೆನ್ರಿ ತೆಗ್ಸಿದ. ನಂಗೆ ಪಾಪ ಅನ್ಸಿದ್ದು ಇವನೊಬ್ಬನೇ.

ಇನ್ನೊಂದು, ಯುದ್ಧ ನಡೆದಿದ್ದು ಗುಡ್ಡದ ಮೇಲಲ್ಲ, ಸುಮಾರು 3 ಕಿ.ಮೀ. ಆಚೆ ಹೊಲಗಳಲ್ಲಿ ಅಂತ 2010ರ ಹೊತ್ತಿಗೆ ಗೊತ್ತಾಗಿದ್ದು, ಅಲ್ಲೇ ಸೀಸದ ಗುಂಡುಗಳೂ ರಿಚರ್ಡ್‌ನ ಲಾಂಛನ ಕಾಡುಹಂದಿಯ ಪುಟ್ಟ ಬೆಳ್ಳಿ ಬ್ಯಾಡ್ಜೂ ಸಿಕ್ತು. ಆ ಬ್ಯಾಡ್ಜ್ ನೋಡ್ದೆ ಬರ್ಬೇಡಿ. ಮತ್ತೆ ದಯವಿಟ್ಟು ಬೂಟ್ ಹಾಕ್ಕೊಂಡ್ ಹೋಗಿ, ನಾನು ಚಪ್ಲೀಲಿ ಹೋಗಿ ಒಂದನ್ನ ಕೆಸರಲ್ಲೇ ಬಿಟ್ಬಂದೆ.