ಅಡಿಟಿಪ್ಪಣಿ ಇಲ್ಲದ ಕಲ್ಚರ್ ವರದಿ: ಐದಕ್ಕೆ ಮೂರು ನಕ್ಷತ್ರ

ಕರಡು ತಿದ್ದುವುದು ನನ್ನ ಕಸುಬು. ಕೈಗೆ ಬಂದ ಯಾವ ಕಾಗದವನ್ನೂ ಸುಮ್ಮನೆ ಓದಲಾರೆ. ಹೆಂಡತಿಯ ಮೂತ್ರದ ಕಲ್ಚರ್ ವರದಿಯನ್ನೂ. ಕಲ್ಚರ್ ಎಂದರೆ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ.

ಅವಳಿಗೆ ಚಳಿಜ್ವರ, ಬಲಪಕ್ಕೆಯ ಹಿಂದೆ ನೋವು. ಸೋಂಕು ಕಿಡ್ನಿಗೆ ಏರಿದೆ, ಆಂಟಿಬಯಾಟಿಕ್ ಶುರುವಾಗುವ ಮೊದಲೇ ಮಾದರಿ ಕೊಡಿ ಎಂದರು ವೈದ್ಯರು. ಈ ಪ್ರಯೋಗಾಲಯದ ಹುಡುಗ ಬೆಳಿಗ್ಗೆ ಏಳಕ್ಕೆ ಮನೆಗೇ ಬಂದ, ಡಬ್ಬಿ ಕೊಟ್ಟ, ತುಂಬಿಸಿಕೊಂಡು ಹೊರಟ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕೆಂದು ಹೇಳಲೇ ಇಲ್ಲ. ಮಾದರಿ ಎರಡು ಗಂಟೆಯೊಳಗೆ ತಲುಪಬೇಕು, ಇಲ್ಲವೇ ತಣ್ಣಗಿರಬೇಕು. ತಲುಪಿದ್ದು ಮಧ್ಯಾಹ್ನ ಒಂದಕ್ಕೆ, ಬರಿಯ ಬಟ್ಟೆಯ ಚೀಲದಲ್ಲಿ. ಮರುದಿನ ಬಂದ ಉತ್ತರ: ಹಲವು ಬಗೆಯ ಬ್ಯಾಕ್ಟೀರಿಯಾ ಬೆರೆತಿವೆ, ಮತ್ತೆ ಕಳುಹಿಸಿ.

ಅಷ್ಟರಲ್ಲಿ ಸೆಫಲೋಸ್ಪೊರಿನ್ ಗುಂಪಿನ ಆಂಟಿಬಯಾಟಿಕ್ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಎರಡು ಸಲ ಆಗಿತ್ತು. ಜ್ವರ ಜಗ್ಗಲಿಲ್ಲ. ಎರಡನೆಯ ಮಾದರಿಯನ್ನು ನಾನೇ ಒಯ್ದೆ. ಅಷ್ಟು ಮದ್ದಿನ ನಡುವೆಯೂ ಮಿಲಿಲೀಟರಿಗೆ 1 ಲಕ್ಷಕ್ಕೂ ಮೀರಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು! ಇಎಸ್‌ಬಿಎಲ್ ತಳಿಯಂತೆ: ಪೆನಿಸಿಲಿನ್ ಮತ್ತು ಹೆಚ್ಚಿನ ಸೆಫಲೋಸ್ಪೊರಿನ್‌ಗಳನ್ನು ಒಡೆದುಹಾಕುವ ಕಿಣ್ವವನ್ನು ತಾನೇ ತಯಾರಿಸಿಕೊಳ್ಳುವಂಥದ್ದು. ಇಲ್ಲಿ ಪ್ರಯೋಗಾಲಯವನ್ನು ಮನಸಾರೆ ಹೊಗಳಬೇಕು. ವರದಿ ಅಚ್ಚಾಗುವವರೆಗೆ ಕಾಯದೆ ಅಲ್ಲಿನ ಸೂಕ್ಷ್ಮಜೀವಿ ತಜ್ಞೆ ನಮ್ಮ ವೈದ್ಯರಿಗೆ ಫೋನ್ ಮಾಡಿದರು. ಅಂದು ರಾತ್ರಿಯೇ ಆ ಕಿಣ್ವಕ್ಕೆ ಜಗ್ಗದ ಎರ್ಟಾಪೆನೆಮ್ ಚುಚ್ಚುಮದ್ದು ಶುರುವಾಯಿತು, ದಿನಕ್ಕೊಂದು ಬಾರಿ. ಮೂರನೆಯ ದಿನ ಜ್ವರ ಇಳಿಯಿತು.

ಇನ್ನು ಅಚ್ಚಾದ ವರದಿ. ಎಡಕ್ಕೆ ಔಷಧಿಗಳ ಹೆಸರು, ಬಲಕ್ಕೆ ‘ಎಸ್’ (ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತದೆ) ಅಥವಾ ‘ಆರ್’ (ಬಗ್ಗುವುದಿಲ್ಲ), ಒಂದೂ ಕಾಗುಣಿತ ತಪ್ಪಿಲ್ಲ. ‘ಆರ್’ಗಳ ಸಾಲಿನ ನಡುವೆ ನೈಟ್ರೋಫ್ಯುರಾಂಟೊಯಿನ್ ಎಂಬ ಮಾತ್ರೆಯ ಎದುರು ‘ಎಸ್’ ಕಂಡು ಹಿಗ್ಗಿದೆ. ಮಾತ್ರೆಯಲ್ಲೇ ಮುಗಿಯುವುದಾದರೆ ದಿನವೂ ಸೂಜಿ ಯಾಕೆ ಎಂದು ವೈದ್ಯರನ್ನು ಕೇಳಿಯೂ ಬಿಟ್ಟೆ. ಅದು ಮೂತ್ರದಲ್ಲಿ ಸಾಕಷ್ಟು ಸೇರುತ್ತದೆ, ಕಿಡ್ನಿಯ ಅಂಗಾಂಶದಲ್ಲಿ ಸೇರುವುದಿಲ್ಲ. ಮೂತ್ರಕೋಶದ ಸೋಂಕಿಗಷ್ಟೇ ಸರಿ ಎಂದರು. ವೈದ್ಯರಿಗೆ ಗೊತ್ತಿರುವ ಮಾತೇ ಇರಬಹುದು, ಆದರೆ ವರದಿ ನಮ್ಮ ಮೊಬೈಲಿಗೂ ಬರುತ್ತದಲ್ಲ? ಪುಸ್ತಕದಲ್ಲಾದರೆ ಇಂಥ ಕಡೆ ನಕ್ಷತ್ರ ಚಿಹ್ನೆ ಹಾಕಿ ಕೆಳಗೆ ಒಂದು ಸಾಲು ಬರೆಯುತ್ತೇವೆ.

ಮೂರು ನಕ್ಷತ್ರ ಕೊಟ್ಟಿದ್ದೇನೆ. ಒಂದನ್ನು ಆ ಬಟ್ಟೆಯ ಚೀಲಕ್ಕಾಗಿ ಕಳೆದಿದ್ದೇನೆ. ಉಳಿದೊಂದನ್ನು ನೈಟ್ರೋಫ್ಯುರಾಂಟೊಯಿನ್ ಪಕ್ಕದಲ್ಲಿ ಅವರೇ ಅಚ್ಚು ಹಾಕಿಕೊಳ್ಳಲಿ.